ಪುಸ್ತಕ ಮುಚ್ಚಿ ನೋಡಿ

ಪರೀಕ್ಷೆ ಹತ್ತಿರ ಬಂತು. ಪ್ರಾರ್ಥನೆಗೆ ಬರೆದುಕೊಟ್ಟ ಚೀಟಿಗಳಲ್ಲಿ ಬಹಳಷ್ಟರಲ್ಲಿ ಒಂದೇ ಮಾತು: "ಪಾಸ್ಟರ್, ಪಾಸಾಗೋ ಹಾಗೆ ಪ್ರಾರ್ಥನೆ ಮಾಡಿ." ಖಂಡಿತ ಮಾಡ್ತೀನಿ. ಆದರೆ ಒಂದು ಪ್ರಶ್ನೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಓದಿದ್ದೀರಾ?

ನನ್ನ ಸಾಕ್ಷಿ ಕೇಳಿ. ನಾನು ಇದೇ ಊರಿನಿಂದ ಬಸ್ಸಲ್ಲಿ ಕಾಲೇಜಿಗೆ ಹೋಗ್ತಿದ್ದವನು. ಅಮ್ಮ ಡೈರಿಗೆ ಹಾಲು ಹಾಕಿದ ದುಡ್ಡಲ್ಲಿ ಪಾಸ್ ಮಾಡಿಸಿಕೊಡ್ತಿದ್ರು. ಮೊದಲ ವರ್ಷ ಪುಸ್ತಕ ಮುಟ್ಟಲಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಮೊಣಕಾಲೂರಿ ಅತ್ತೆ. ಎರಡು ವಿಷಯದಲ್ಲಿ ಫೇಲಾದೆ. ಅಂಕಪಟ್ಟಿಯನ್ನು ಸತ್ಯವೇದದ ಒಳಗೇ ಮಡಚಿ ಬಚ್ಚಿಟ್ಟೆ. ಅಮ್ಮ ಕೇಳಿದಾಗ, "ಇನ್ನೂ ಬಂದಿಲ್ಲಮ್ಮಾ" ಅಂದೆ. ಫೇಲಾಗಿದ್ದಕ್ಕಿಂತ ಆ ಸುಳ್ಳೇ ನನ್ನನ್ನು ಹೆಚ್ಚು ಕಾಡಿತು.

ದಾನಿಯೇಲನ ಪುಸ್ತಕ ಒಂದನೇ ಅಧ್ಯಾಯ ತೆಗೆಯಿರಿ. ದಾನಿಯೇಲ ದಿನಕ್ಕೆ ಮೂರು ಸಲ ಪ್ರಾರ್ಥಿಸಿದ್ದು ನಮಗೆಲ್ಲ ಬಾಯಿಪಾಠ. ಆದರೆ ಬಾಬೆಲಿನಲ್ಲಿ ಅವನಿಗೆ ಗೊತ್ತುಮಾಡಿದ್ದು ಮೂರು ವರ್ಷದ ಶಿಕ್ಷಣ. ಪರರ ಭಾಷೆ, ಪರರ ಗ್ರಂಥ. ಜ್ಞಾನ ಕೊಟ್ಟವನು ದೇವರೇ, ಅನುಮಾನ ಬೇಡ. ಆದರೂ ಆ ಮೂರು ವರ್ಷವನ್ನು ದೇವರು ಒಂದು ರಾತ್ರಿಗೆ ಇಳಿಸಲಿಲ್ಲ.

ನಮ್ಮ ನಾಡಿನಲ್ಲೇ ನೋಡಿ. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ ಜರ್ಮನಿಯಿಂದ 1853ರಲ್ಲಿ ಬಂದರು. ಕನ್ನಡವನ್ನು ಅಕ್ಷರದಿಂದ ಕಲಿತರು. ಸುಮಾರು 70,000 ಪದಗಳ ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿದ್ದು 1894ರಲ್ಲಿ. ಅವರೂ ಪ್ರಾರ್ಥನೆ ಮಾಡುವ ಮನುಷ್ಯರೇ. ಪದಗಳನ್ನು ಮಾತ್ರ ಒಂದೊಂದಾಗಿ ಕೂಡಿಸಬೇಕಾಯಿತು.

ಹಾಗಾದರೆ ಹೇಗೆ ಓದೋದು? ಎರಡನೇ ವರ್ಷ ನಾನು ಕಲಿತದ್ದನ್ನು ಹೇಳ್ತೀನಿ.

ಮೊದಲನೆಯದು, ಪುಸ್ತಕ ಮುಚ್ಚಿ ಬರೆಯಿರಿ. ಅದೇ ಪುಟವನ್ನು ಐದು ಸಲ ಓದಿದರೆ ಎಲ್ಲ ಬರುತ್ತೆ ಅನಿಸುತ್ತೆ. ಮುಚ್ಚಿ ಖಾಲಿ ಹಾಳೆ ಇಟ್ಟುಕೊಂಡಾಗ ಗೊತ್ತಾಗುತ್ತೆ ನಿಜ. ಬರೆದದ್ದನ್ನು ಪುಸ್ತಕ ತೆಗೆದು ತಾಳೆ ನೋಡಿ. ಬಿಟ್ಟುಹೋಗಿದ್ದನ್ನು ಮಾತ್ರ ಮತ್ತೆ ಓದಿ.

ಎರಡನೆಯದು, ಬಿಟ್ಟು ಬಿಟ್ಟು ಓದಿ. ಕಲಿತದ್ದು ಮೊದಲ ದಿನಗಳಲ್ಲೇ ಬೇಗ ಮರೆತುಹೋಗುತ್ತೆ ಎಂದು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ಬರೆದರು. ಇವತ್ತಿನ ಪಾಠವನ್ನು ನಾಳೆ ನೆಲಮಂಗಲದ ಬಸ್ಸಲ್ಲಿ ಕೂತು ನೆನಪಿಸಿಕೊಳ್ಳಿ. ಮೂರು ದಿನ ಬಿಟ್ಟು ಇನ್ನೊಂದು ಸಲ, ವಾರ ಬಿಟ್ಟು ಮತ್ತೊಂದು ಸಲ.

ಮೂರನೆಯದು, ಓದುವಾಗ ಫೋನ್ ಬೇರೆ ಕೋಣೆಯಲ್ಲಿರಲಿ. ಹಳೇ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ. ರಾತ್ರಿ ನಿದ್ದೆ ಮಾಡಿ. ಓದಿದ್ದು ನೆನಪಲ್ಲಿ ನಿಲ್ಲೋಕೆ ನಿದ್ದೆಯೂ ಬೇಕು.

ಪ್ರಿಯರೇ, ಆ ಖಾಲಿ ಹಾಳೆ ನನಗೆ ಒಂದು ಅರಿಕೆಯ ಹಾಗೆ. ಅದರ ಮುಂದೆ ನಟಿಸೋಕಾಗಲ್ಲ. ನನಗೆ ಏನು ಬರಲ್ಲ ಅನ್ನೋದನ್ನ ಒಪ್ಪಿಕೊಂಡ ಮೇಲೇ ಕಲಿಕೆ ಶುರುವಾಗುತ್ತೆ. ದೇವರ ಮುಂದೆಯೂ ಹೀಗೇ ಅಲ್ಲವೇ? ಮುಚ್ಚಿಟ್ಟದ್ದನ್ನು ತೆರೆದಾಗಲೇ ಕೃಪೆ ಒಳಗೆ ಬರುತ್ತೆ.

ಒಂದು ಸಂಜೆ ಅಂಕಪಟ್ಟಿಯನ್ನು ಅಮ್ಮನ ಕೈಗೆ ಕೊಟ್ಟೆ. ಅಮ್ಮ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಮುಂದಿನ ತಿಂಗಳ ಪಾಸಿಗೆ ದುಡ್ಡು ಇಟ್ಟಿದ್ದೀನಿ ಕಣೋ, ಹೋಗು ಓದ್ಕೋ" ಅಂದರು. ಆ ರಾತ್ರಿ ಪ್ರಾರ್ಥಿಸಿ ಪುಸ್ತಕ ತೆಗೆದೆ. ಆ ಎರಡೂ ವಿಷಯ ಮುಂದಿನ ಸಲ ಪಾಸಾದವು.

ನಿಮ್ಮಲ್ಲಿ ಯಾರಾದರೂ ಅಂಕಪಟ್ಟಿ ಬಚ್ಚಿಟ್ಟಿದ್ದರೆ ಇವತ್ತೇ ಮನೆಯಲ್ಲಿ ಹೇಳಿ. ಒಬ್ಬರೇ ಹೇಳೋಕೆ ಭಯವಾದರೆ ನನ್ನನ್ನು ಕರೆಯಿರಿ, ಜೊತೆಗೆ ಬರ್ತೀನಿ. ಈಗ ಎದ್ದು ನಿಲ್ಲೋಣ, ಪ್ರಾರ್ಥಿಸೋಣ. ಮನೆಗೆ ಹೋದ ಮೇಲೆ ಒಂದು ಖಾಲಿ ಹಾಳೆ ತೆಗೆಯೋಣ. ಆಮೆನ್.