ಲಿಂಗಾರ್ಪಣೆಗೆ ಬಂದ ಹುಳಿ ದ್ರಾಕ್ಷಿ



ಜತ್ತ ಭಾಗದ ಭಕ್ತರೊಬ್ಬರು ಶಿವರಾತ್ರಿಗೆ ಮುಂಚೆ ತಮ್ಮ ಪಡದ ಮೊದಲ ದ್ರಾಕ್ಷಿಯನ್ನು ಬುಟ್ಟಿ ತುಂಬ ಮಠಕ್ಕೆ ತಂದರು. ಕಾಯಿ ದಪ್ಪ, ನೋಡಲು ಬಲು ಚೆಂದ. ಇಷ್ಟಲಿಂಗಕ್ಕೆ ಅರ್ಪಿಸಿ ಬಾಯಿಗಿಟ್ಟೆವು, ಬರೀ ಹುಳಿ. ನಮ್ಮ ಮುಖ ನೋಡಿ ಅವರೇ ಹೇಳಿದರು: "ಅಪ್ಪಾರ, ವ್ಯಾಪಾರಿ ಅವಸರ ಮಾಡಿದ್ರಿ. ಹದಿನೈದು ದಿನ ಬಿಟ್ರ ರೇಟ್ ಬೀಳತೈತಿ ಅಂದ." ಸಾಲ ಮಾಡಿ ಪಡ ಹಚ್ಚಿದವರ ಸಂಕಟ ನಮಗೆ ತಿಳಿಯದ್ದಲ್ಲ. ಒಂದು ಮಾತು ಮಾತ್ರ ಮೆಚ್ಚಿಕೆಯಾಯಿತು. ಪೇಟೆಗೆ ಕಳಿಸಿದ್ದನ್ನೇ ಅವರು ಮಠಕ್ಕೂ ತಂದಿದ್ದರು, ಮಠಕ್ಕೆಂದು ಬೇರೆ ಆರಿಸಿರಲಿಲ್ಲ.

ಆದರೆ ಪೇಟೆಯಲ್ಲಿ ಕೊಂಡವನೂ ಅದನ್ನು ತನ್ನ ದೇವರಿಗೆ ಅರ್ಪಿಸಿಯೇ ಮಕ್ಕಳಿಗೆ ಕೊಡುವವನಲ್ಲವೇ? ಮಾವಿನಕಾಯಿಯನ್ನು ಹುಲ್ಲಿನಲ್ಲಿಟ್ಟರೆ ಹಣ್ಣಾಗುತ್ತದೆ. ದ್ರಾಕ್ಷಿ ಹಾಗಲ್ಲ, ದಾಳಿಂಬೆಯೂ ಅಲ್ಲ. ಗಿಡದಿಂದ ಕೊಯ್ದ ಮೇಲೆ ಅವುಗಳಲ್ಲಿ ಸಕ್ಕರೆ ಹೆಚ್ಚುವುದಿಲ್ಲ. ಕತ್ತರಿ ಹಾಕಿದ ದಿನ ಎಷ್ಟಿತ್ತೋ ಅಷ್ಟೇ.

ಸಕ್ಕರೆಯನ್ನು ಮಾಡುವುದು ಎಲೆ. ಒಂದು ಗೊಂಚಲಿಗೆ ಹತ್ತು ಹದಿನೈದು ಒಳ್ಳೆಯ ಎಲೆಗಳಾದರೂ ಬೇಕು. ಆಸೆಪಟ್ಟು ಎಲ್ಲ ಗೊಂಚಲನ್ನೂ ಉಳಿಸಿಕೊಂಡರೆ ಬಳ್ಳಿಯ ದುಡಿಮೆ ಹಂಚಿಹೋಗಿ ಯಾವುದಕ್ಕೂ ಸಾಲದು. ಯೂರಿಯಾ ಹೆಚ್ಚಾದರೆ ಹಬ್ಬುವುದು ಕುಡಿ, ಹಣ್ಣು ತಡವಾಗುತ್ತದೆ. ತಿಪ್ಪೆಗೊಬ್ಬರ ಮಣ್ಣಿನ ಕಸುವು ಉಳಿಸುತ್ತದೆ. ಸಕ್ಕರೆ ಕಾಯಿಗೆ ಇಳಿಯಲು ಪೊಟ್ಯಾಷ್ ಬೇಕು. ಕೊಯ್ಲಿನ ಹೊತ್ತಿಗೆ ತೂಕಕ್ಕಾಗಿ ನೀರು ಹೆಚ್ಚು ಬಿಡುವುದನ್ನು ಕಂಡಿದ್ದೇವೆ. ಅದರಿಂದ ರಸ ತೆಳ್ಳಗಾಗುತ್ತದೆ, ಕಾಯಿ ಸೀಳುವುದೂ ಉಂಟು. ಆ ತೂಕ ನೀರಿನದು. ನೀರನ್ನು ಸಕ್ಕರೆಯ ಬೆಲೆಗೆ ಮಾರುವುದು ಸತ್ಯಶುದ್ಧ ಕಾಯಕವೇ, ನೀವೇ ಹೇಳಿರಿ.

ಈಗ ಅನೇಕರ ಕೈಯಲ್ಲಿ ಬ್ರಿಕ್ಸ್ ಮೀಟರ್ ಇದೆ. ಎರಡು ಹನಿ ರಸ ಬಿಟ್ಟು ಬೆಳಕಿಗೆ ಹಿಡಿದರೆ ನೂರು ಗ್ರಾಂ ರಸದಲ್ಲಿ ಹೆಚ್ಚುಕಡಿಮೆ ಎಷ್ಟು ಗ್ರಾಂ ಸಕ್ಕರೆ ಎಂದು ತೋರಿಸುತ್ತದೆ. ಮಣೂಕ ಮಾಡುವವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. 18 ಇದ್ದಾಗ ಕೊಯ್ದ ನೂರು ಕಿಲೋ ದ್ರಾಕ್ಷಿ ಒಣಗಿ ಸುಮಾರು 21 ಕಿಲೋ ಆದರೆ, 24 ಬರುವವರೆಗೆ ಕಾದದ್ದು 28 ಕಿಲೋದಷ್ಟು ಆಗುತ್ತದೆ. ಔಷಧಿಯ ನೀರಿನಲ್ಲಿ ಅದ್ದುವ, ಶೆಡ್ಡಿನಲ್ಲಿ ಹರವುವ ಖರ್ಚು ಎರಡಕ್ಕೂ ಒಂದೇ. ತಾಳ್ಮೆಗೆ ಶಿವನು ಏಳು ಕಿಲೋ ಹೆಚ್ಚಿಗೆ ಕೊಟ್ಟ ಲೆಕ್ಕ!

ಸಿಹಿಯೇ ಪುಷ್ಟಿಯೆಂದು ಮಾತ್ರ ತಿಳಿಯಬೇಡಿರಿ. ಮಣ್ಣಿನ ಸುಣ್ಣ, ಕಬ್ಬಿಣ ಹಣ್ಣಿಗೆ ಎಷ್ಟು ಬಂತೆಂದು ಆ ಮೀಟರು ಹೇಳದು. ಸಕ್ಕರೆ ಕಾಯಿಲೆಯುಳ್ಳ ಹಿರಿಯರು ಪ್ರಸಾದವೆಂದು ಬೊಗಸೆ ತುಂಬ ತಿನ್ನುವುದನ್ನೂ ನೋಡುತ್ತೇವೆ. ಪ್ರಸಾದಕ್ಕೆ ಒಂದು ಕಾಳು ಸಾಕು.

ಈ ಹಂಗಾಮಿನಲ್ಲಿ ದಾಸೋಹಕ್ಕೆ ಹಣ್ಣು ತರುವವರು ಕೊಯ್ಯುವ ಮುನ್ನ ಗೊಂಚಲಿನ ತುದಿಯ ಕಾಯಿಯನ್ನು ತಿಂದು ನೋಡಿರಿ. ಸಿಹಿ ಕೊನೆಗೆ ಮುಟ್ಟುವುದು ಅಲ್ಲಿಗೆ. ಅದು ಹುಳಿಯಾಗಿದ್ದರೆ ಬುಟ್ಟಿ ಮುಂದಿನ ವಾರ ಬರಲಿ. ಮಠದ ಬಾಗಿಲು ಆಗಲೂ ತೆರೆದಿರುತ್ತದೆ.