ಬುದ್ಧನ ಸಭೆಯಲ್ಲಿ ದೇವತೆಗಳು

ಬುದ್ಧನು ದೇವರನ್ನು ಒಪ್ಪಲಿಲ್ಲ ಎಂಬ ಸಂಗತಿ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ನಾವು ಅಂಕ ಕೊಡುತ್ತೇವೆ. ಆದರೆ ಪಾಲಿ ಸುತ್ತಗಳನ್ನು ಕೈಗೆತ್ತಿಕೊಂಡವನಿಗೆ ಮೊದಲು ಎದುರಾಗುವುದೇ ದೇವತೆಗಳ ಜಾತ್ರೆ. ಸಂಯುತ್ತನಿಕಾಯವು ಪ್ರಾರಂಭವಾಗುವುದು ದೇವತೆಗಳ ಪ್ರಶ್ನೆಗಳಿಂದ. ಇರುಳು ಬಹಳ ಕಳೆದ ಮೇಲೆ ದೇವತೆಯೊಂದು ಜೇತವನವನ್ನೆಲ್ಲ ಬೆಳಗುತ್ತ ಬರುತ್ತದೆ. ಬುದ್ಧನಿಗೆ ವಂದಿಸಿ ಒಂದು ಪಕ್ಕದಲ್ಲಿ ನಿಲ್ಲುತ್ತದೆ. ಕೇಳಬೇಕಾದುದನ್ನು ಕೇಳಿ, ಉತ್ತರ ಪಡೆದು, ಮರೆಯಾಗುತ್ತದೆ. ಅಲ್ಲಿ ಇಂದ್ರನಿದ್ದಾನೆ, ಸಕ್ಕ ಎಂದು ಅವನ ಹೆಸರು. ಬ್ರಹ್ಮನೂ ಇದ್ದಾನೆ, ಒಬ್ಬನಲ್ಲ, ಹಲವರು. ಯಕ್ಷರು, ಗಂಧರ್ವರು, ನಾಗರು, ವೃಕ್ಷದೇವತೆಗಳು ಎಲ್ಲರೂ ಇದ್ದಾರೆ. ಬೋಧಿಯನ್ನು ಪಡೆದ ಬುದ್ಧನು ಈ ಧರ್ಮ ಯಾರಿಗೆ ಅರ್ಥವಾದೀತೆಂದು ಹಿಂಜರಿದು ಕುಳಿತಾಗ, ಮೊಣಕಾಲೂರಿ ಕೈಮುಗಿದು, ಬೋಧಿಸಬೇಕೆಂದು ಬೇಡಿಕೊಂಡವನು ಸಹಂಪತಿ ಎಂಬ ಬ್ರಹ್ಮನೇ.

ಹಾಗಾದರೆ ಇದು ಎಂಥ ನಿರೀಶ್ವರವಾದ? ಸಾಮಾನ್ಯ ಜನ ಬಿಡಲಾರದ ನಂಬಿಕೆಗಳನ್ನು ಬುದ್ಧನು ಸಹಿಸಿಕೊಂಡನು, ಅಷ್ಟೆ, ಎಂದು ಕೆಲವರು ಹೇಳುವುದುಂಟು. ಈ ಸಮಾಧಾನ ನನಗೆ ಸಾಲದು. ದೇವತೆಗಳನ್ನು ಕಳೆದುಬಿಟ್ಟರೆ ಸುತ್ತಗಳ ಒಂದು ಮುಖ್ಯ ವಿಚಾರವೇ ಕಳೆದುಹೋಗುತ್ತದೆ. ದೇವತೆಗಳು ಇದ್ದಾರೆಂಬುದನ್ನು ಅಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ಅವರ ಕೈಯಲ್ಲಿದ್ದ ಎರಡು ಅಧಿಕಾರಗಳು ಮಾತ್ರ ಹೋಗಿವೆ: ಲೋಕವನ್ನು ಸೃಷ್ಟಿಸುವ ಅಧಿಕಾರ, ಜೀವಿಗೆ ಬಿಡುಗಡೆ ಕೊಡುವ ಅಧಿಕಾರ.

ಮೊದಲನೆಯದು ಹೋದ ಬಗೆಯನ್ನು ದೀಘನಿಕಾಯದ ಬ್ರಹ್ಮಜಾಲಸುತ್ತ ಸ್ವಾರಸ್ಯವಾಗಿ ಹೇಳುತ್ತದೆ. ಒಂದು ಕಲ್ಪ ಮುಗಿದು ಲೋಕ ಮತ್ತೆ ಅರಳತೊಡಗಿದಾಗ ಬ್ರಹ್ಮನ ಅರಮನೆಯೊಂದು ಬರಿದಾಗಿ ನಿಂತಿರುತ್ತದೆ. ಮೇಲಿನ ಲೋಕದಲ್ಲಿ ಪುಣ್ಯ ತೀರಿದ ಜೀವಿಯೊಂದು ಅಲ್ಲಿ ಬಂದು ಹುಟ್ಟುತ್ತದೆ. ಬಹುಕಾಲ ಒಬ್ಬಂಟಿಯಾಗಿದ್ದು ಅದಕ್ಕೆ ಬೇಸರವಾಗುತ್ತದೆ. ಇನ್ನಾರಾದರೂ ಇಲ್ಲಿಗೆ ಬರಬಾರದೆ ಎಂದು ಹಂಬಲಿಸುತ್ತದೆ. ಅಷ್ಟರಲ್ಲಿ ತಮ್ಮ ತಮ್ಮ ಪುಣ್ಯ ತೀರಿದ ಇತರ ಜೀವಿಗಳೂ ಅಲ್ಲಿಗೆ ಬಂದಿಳಿಯುತ್ತವೆ. ನಾನು ಬಯಸಿದೆ, ಇವರು ಬಂದರು. ಆದ್ದರಿಂದ ಇವರನ್ನು ಸೃಷ್ಟಿಸಿದವನು ನಾನೇ ಎಂದು ಮೊದಲು ಬಂದವನು ತಿಳಿಯುತ್ತಾನೆ. ನಮಗಿಂತ ಮುಂಚೆ ಇವನು ಇಲ್ಲಿದ್ದ. ಆದ್ದರಿಂದ ನಮ್ಮ ಕರ್ತೃ ಇವನೇ ಎಂದು ಬಂದವರೂ ತಿಳಿಯುತ್ತಾರೆ. ಇಲ್ಲಿ ಯಾರೂ ಯಾರಿಗೂ ಮೋಸ ಮಾಡಿಲ್ಲ. ಒಬ್ಬನ ಒಂಟಿತನ, ಒಂದು ಕಾಕತಾಳೀಯ, ಉಳಿದವರ ವಿನಯ ಇವು ಮೂರೂ ಸೇರಿ ಒಬ್ಬ ಸೃಷ್ಟಿಕರ್ತ ಹುಟ್ಟಿಕೊಂಡ. ಸೃಷ್ಟಿಕರ್ತನನ್ನು ಖಂಡಿಸುವ ತರ್ಕಗ್ರಂಥಗಳು ಮುಂದೆ ಎಷ್ಟೋ ಬಂದವು. ಇಷ್ಟು ಮರುಕದಿಂದ ಖಂಡಿಸಿದ್ದನ್ನು ಬೇರೆಲ್ಲಿಯೂ ನಾನು ಓದಿಲ್ಲ.

ಅದೇ ನಿಕಾಯದ ಕೇವಟ್ಟಸುತ್ತದಲ್ಲಿ ನಗುವೇ ಮುಂದು. ಮಣ್ಣು, ನೀರು, ಬೆಂಕಿ, ಗಾಳಿ ಈ ನಾಲ್ಕು ಭೂತಗಳು ಉಳಿಕೆಯಿಲ್ಲದಂತೆ ಅಡಗುವುದು ಎಲ್ಲಿ ಎಂಬ ಸಂದೇಹ ಒಬ್ಬ ಭಿಕ್ಷುವಿಗೆ ಹುಟ್ಟುತ್ತದೆ. ಅವನು ಧ್ಯಾನಬಲದಿಂದ ದೇವಲೋಕಗಳನ್ನು ಒಂದೊಂದಾಗಿ ಹತ್ತುತ್ತಾನೆ. ಪ್ರತಿಯೊಬ್ಬರೂ, ನಮಗೆ ತಿಳಿಯದು, ಮೇಲಿನವರನ್ನು ಕೇಳು ಎನ್ನುತ್ತಾರೆ. ಕಚೇರಿಯಿಂದ ಕಚೇರಿಗೆ ಅರ್ಜಿ ಹಿಡಿದು ಅಲೆದವರಿಗೆ ಈ ಭಾಗ ಚೆನ್ನಾಗಿ ಅರ್ಥವಾದೀತು. ಕೊನೆಗೆ ಮಹಾಬ್ರಹ್ಮನೇ ಬೆಳಕಿನೊಡನೆ ಕಾಣಿಸಿಕೊಳ್ಳುತ್ತಾನೆ. ಪ್ರಶ್ನೆ ಕೇಳಿದರೆ, ತಾನು ಎಲ್ಲವನ್ನೂ ಕಾಣುವವನು, ಕರ್ತೃ, ಎಲ್ಲರ ತಂದೆ ಎಂದು ಬಿರುದುಗಳನ್ನು ಹೇಳಿಕೊಳ್ಳುತ್ತಾನೆ. ಭಿಕ್ಷು ಬಿಡುವವನಲ್ಲ, ನಾನು ಕೇಳಿದ್ದು ಅದನ್ನಲ್ಲ ಎನ್ನುತ್ತಾನೆ. ಮೂರನೆಯ ಸಲಕ್ಕೆ ಬ್ರಹ್ಮನು ಅವನ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗಿ, ತನಗೂ ಇದು ತಿಳಿಯದೆಂದೂ, ತನಗೆ ತಿಳಿಯದುದು ಯಾವುದೂ ಇಲ್ಲವೆಂದು ಈ ದೇವತೆಗಳು ನಂಬಿರುವುದರಿಂದ ಅವರೆದುರಿಗೆ ಹೇಳಲಿಲ್ಲವೆಂದೂ, ಬುದ್ಧನನ್ನು ಬಿಟ್ಟು ಇಲ್ಲಿಯವರೆಗೆ ಬಂದದ್ದೇ ತಪ್ಪೆಂದೂ ಹೇಳುತ್ತಾನೆ. ತುಂಬಿದ ತರಗತಿಯಲ್ಲಿ ನಿಂತ ಮೇಷ್ಟರುಗಳಿಗೆ ಈ ಬ್ರಹ್ಮನ ಸಂಕಟ ಹೊಸದಲ್ಲ. ಅವನು ಸುಳ್ಳುಗಾರನಲ್ಲ, ಭಕ್ತರ ನಂಬಿಕೆಗೆ ಸಿಕ್ಕಿಬಿದ್ದವನು.

ಇನ್ನು ಅವರ ಆಯುಸ್ಸು. ತಾವತಿಂಸವೆಂಬ ಇಂದ್ರಲೋಕದಲ್ಲಿ ಒಂದು ಹಗಲಿರುಳೆಂದರೆ ನಮ್ಮ 100 ವರ್ಷ. ಅಂಥ ದಿನಗಳ ಲೆಕ್ಕದಲ್ಲಿ 1000 ವರ್ಷ ಅವರ ಬಾಳು, ಎಂದರೆ ನಮ್ಮ 3 ಕೋಟಿ 60 ಲಕ್ಷ ವರ್ಷ. ಎಷ್ಟಾದರೇನು, ತೀರುತ್ತದೆ. ದೇವತೆಗೆ ಕಾಲ ಸಮೀಪಿಸಿದಾಗ ಐದು ಸೂಚನೆಗಳು ಕಾಣುತ್ತವೆಂದು ಇತಿವುತ್ತಕ ಎಂಬ ಗ್ರಂಥ ಹೇಳುತ್ತದೆ: ಮುಡಿದ ಮಾಲೆ ಬಾಡುತ್ತದೆ, ಉಟ್ಟ ಬಟ್ಟೆ ಮಾಸುತ್ತದೆ, ಕಂಕುಳಲ್ಲಿ ಬೆವರೊಡೆಯುತ್ತದೆ, ಮೈಬಣ್ಣ ಕುಂದುತ್ತದೆ, ತನ್ನ ಪೀಠದಲ್ಲಿ ಕುಳಿತಿರಲು ಮನಸ್ಸು ಒಪ್ಪುವುದಿಲ್ಲ. ಆಗ ಉಳಿದ ದೇವತೆಗಳು ಅವನ ಸುತ್ತ ಸೇರಿ, ಸದ್ಗತಿಗೆ ಹೋಗು ಎಂದು ಹರಸುತ್ತಾರೆ. ಅವರ ಪಾಲಿಗೆ ಸದ್ಗತಿ ಯಾವುದೆಂದು ಒಬ್ಬ ಭಿಕ್ಷು ಕೇಳಿದರೆ, ಮನುಷ್ಯಜನ್ಮ ಎಂದು ಬುದ್ಧನ ಉತ್ತರ. ಪುಣ್ಯ ತೀರಿದವರು ಸ್ವರ್ಗದಿಂದ ಇಳಿಯಬೇಕೆಂಬ ಮಾತು ಭಗವದ್ಗೀತೆಯಲ್ಲಿಯೂ ಇದೆ. ಆದರೆ ಅಲ್ಲಿ ಎಲ್ಲರ ಮೇಲೆ ಇಳಿಯದವನೊಬ್ಬನಿದ್ದಾನೆ. ಇಲ್ಲಿ ಆ ಪೀಠದಲ್ಲಿ ಯಾರೂ ಇಲ್ಲ.

ಇಂಥ ದೇವತೆಗಳಿಗೆ ಮನುಷ್ಯನು ಏನನ್ನು ಸಲ್ಲಿಸಬೇಕು? ಮಹಾಪರಿನಿಬ್ಬಾನಸುತ್ತದಲ್ಲಿ ಇದಕ್ಕೆ ಉತ್ತರವಿದೆ. ಮಗಧದ ಮಂತ್ರಿಗಳು ಪಾಟಲಿಗ್ರಾಮದಲ್ಲಿ ಕೋಟೆ ಕಟ್ಟಿಸುತ್ತಿದ್ದಾಗ ಬುದ್ಧನನ್ನು ಊಟಕ್ಕೆ ಕರೆಯುತ್ತಾರೆ. ವಿವೇಕಿಯಾದವನು ತಾನು ನೆಲಸಿದ ಕಡೆ ಶೀಲವಂತರಿಗೆ ಉಣಬಡಿಸಿ, ಆ ದಾನದ ಫಲವನ್ನು ಅಲ್ಲಿಯ ದೇವತೆಗಳಿಗೂ ಮುಡಿಪಿಡಲಿ. ತಾಯಿ ಮಗನಿಗೆ ಮರುಗುವಂತೆ ಅವರು ಅವನಿಗೆ ಮರುಗುತ್ತಾರೆ ಎಂದು ಅವನು ಹೇಳುತ್ತಾನೆ. ಹೆದರಿ ಕೊಡುವ ಕಾಣಿಕೆಯ ಮಾತು ಇಲ್ಲಿಲ್ಲ. ಹೊಸ ಊರಿಗೆ ಒಕ್ಕಲು ಬಂದವನು ನೆರೆಮನೆಯ ಹಿರಿಯರಿಗೆ ತೋರುವ ಮರ್ಯಾದೆ ಇದು. ಬೇಡಿಕೆಯ ವಿಷಯದಲ್ಲಿ ಮಾತ್ರ ಸುತ್ತಗಳು ಕಟುವಾಗಿವೆ. ಕೊಳದಲ್ಲಿ ಮುಳುಗಿದ ಬಂಡೆಯ ಸುತ್ತ ಜನ ಕೂಡಿ ಕೈಮುಗಿದು, ಏಳು ಬಂಡೆಯೇ, ತೇಲು ಬಂಡೆಯೇ ಎಂದು ಬೇಡಿದರೆ ಅದು ತೇಲೀತೇ ಎಂದು ಬುದ್ಧನೊಮ್ಮೆ ಕೇಳುತ್ತಾನೆ. ಮಾಡಿದ ಕರ್ಮವೇ ಆ ಬಂಡೆ.

ತರ್ಕ ಸರಿಯಾಗಿದೆ. ಆದರೆ ಜ್ವರದಿಂದ ಬೇಯುವ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಿಗೆ ಬಂಡೆಯ ದೃಷ್ಟಾಂತ ಹೇಳುವ ಧೈರ್ಯ ಯಾರಿಗಿದೆ? ಮೊರೆಯಿಡಲು ಒಂದು ದಿಕ್ಕಿಲ್ಲದಂತೆ ಮಾಡುವುದು ಸತ್ಯವೇ ಇರಬಹುದು, ದಯೆಯೆ? ಈ ಮತಕ್ಕೆ ನಾವು ಹಾಕಬೇಕಾದ ನಿಜವಾದ ಪ್ರಶ್ನೆ ಇದೆಂದು ನನಗೆ ತೋರುತ್ತದೆ. ದೇವರಿದ್ದಾನೆಯೇ ಇಲ್ಲವೇ ಎಂಬ ಚರ್ಚೆ ಇದರ ಮುಂದೆ ಬರಿಯ ಸಭಾಭೂಷಣ.

ಬೌದ್ಧ ದೇಶಗಳ ಜನ ಈ ಪ್ರಶ್ನೆಗೆ ತಮ್ಮದೇ ದಾರಿ ಕಂಡುಕೊಂಡರು. ಸಿಂಹಳದ ಕ್ಯಾಂಡಿಯಲ್ಲಿ ಬುದ್ಧನ ದಂತಧಾತುವಿನ ಮಂದಿರದ ಹತ್ತಿರದಲ್ಲೇ ನಾಥ, ವಿಷ್ಣು, ಪತ್ತಿನಿ ಇವರ ದೇವಾಲಯಗಳಿವೆ. ಊರಿನಲ್ಲಿ ಕತರಗಾಮದ ಸ್ಕಂದನ ಗುಡಿಯೂ ಇದೆ. ಪತ್ತಿನಿಯೆಂದರೆ ತಮಿಳು ನಾಡಿನ ಕಣ್ಣಗಿ. ಮಗುವಿನ ಕಾಯಿಲೆ, ಕೋರ್ಟಿನ ವ್ಯಾಜ್ಯ, ಮಳೆ ಬೆಳೆ ಇವಕ್ಕೆ ಜನ ದೇವರ ಬಳಿಗೆ ಹೋಗುತ್ತಾರೆ. ಸಂಸಾರದ ಬಿಡುಗಡೆಗೆ ಬುದ್ಧನ ಮಾರ್ಗ. ದಾನಕ್ಕೆ ಬಂದ ಪುಣ್ಯದಲ್ಲಿ ದೇವತೆಗಳಿಗೂ ಪಾಲು ಕೊಟ್ಟು ಅವರ ರಕ್ಷಣೆಯನ್ನು ಕೋರುತ್ತಾರೆ. ಇದನ್ನು ಮತದ ಅವನತಿಯೆಂದು ಕರೆದವರಿದ್ದಾರೆ. ನಾನು ಹಾಗೆ ಕರೆಯಲಾರೆ. ಮೋಕ್ಷ ಕೊಡಲಾರದ ದೇವರು ಜ್ವರ ಇಳಿಸಲೂ ಆಗದವನಾಗಬೇಕೆಂಬ ನಿಯಮವೇನಿದೆ?

ಅಲ್ಲಿಯ ನಾಥನೆಂದರೆ ಅವಲೋಕಿತೇಶ್ವರ, ಲೋಕದ ಅಳಲನ್ನು ನೋಡುವ ಬೋಧಿಸತ್ತ್ವ. ಕೂಗಿದರೆ ಓಗೊಡುವ ಒಂದು ಮುಖ ಮಹಾಯಾನಕ್ಕೆ ಬೇಕಾಯಿತು. ನಮ್ಮ ನಾಡೂ ಅದನ್ನು ಕಂಡಿತ್ತು. ಮಂಗಳೂರಿನ ಕದ್ರಿಯಲ್ಲಿ ಆಳುಪ ಅರಸು ಕುಂದವರ್ಮನು ಕ್ರಿ.ಶ. 968ರಲ್ಲಿ ಪ್ರತಿಷ್ಠಿಸಿದ ಲೋಕೇಶ್ವರನ ಕಂಚಿನ ವಿಗ್ರಹವನ್ನು ಅನೇಕ ವಿದ್ವಾಂಸರು ಅವಲೋಕಿತೇಶ್ವರನೆಂದೇ ಗುರುತಿಸಿದ್ದಾರೆ. ಅದು ಈಗ ಮಂಜುನಾಥನ ಗುಡಿಯಲ್ಲಿದೆ. ಬಳ್ಳಿಗಾವೆಯ 1065ರ ಶಾಸನದಲ್ಲಿಯೂ ಡಂಬಳದ 1095ರ ಶಾಸನದಲ್ಲಿಯೂ ತಾರಾದೇವಿಯ ಹೆಸರಿದೆ. ಇವರಾರೂ ಲೋಕವನ್ನು ಸೃಷ್ಟಿಸಿದವರಲ್ಲ. ಮೊರೆ ಕೇಳುವವರು, ಅಷ್ಟೆ.

ಆದರೆ ಮೊರೆಯಿಡಲು ಗುಡಿಯ ಬಾಗಿಲೇ ತೆರೆಯದವರ ಮಾತೇನು? ಕೆರೆಯ ನೀರಿಗಾಗಿ 1927ರಲ್ಲಿ ಮಹಾಡದಲ್ಲಿ, ದೇವರ ದರ್ಶನಕ್ಕಾಗಿ 1930ರಲ್ಲಿ ನಾಸಿಕದ ಕಾಳಾರಾಮ ಮಂದಿರದ ಮುಂದೆ ಹೋರಾಟ ನಡೆಸಿದ ಅಂಬೇಡ್ಕರರು, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾದರು. ಅನುಯಾಯಿಗಳಿಗೆ ಅವರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮೊದಲನೆಯದೇ ಬ್ರಹ್ಮ, ವಿಷ್ಣು, ಮಹೇಶ್ವರರನ್ನು ದೇವರೆಂದು ನಂಬುವುದೂ ಇಲ್ಲ, ಪೂಜಿಸುವುದೂ ಇಲ್ಲ ಎಂಬುದು. ಸುತ್ತಗಳಲ್ಲಿ ಬ್ರಹ್ಮನ ಮೇಲಿರುವ ನಸುನಗೆ ಇಲ್ಲಿಲ್ಲವೆಂದು ಕೆಲವು ಪಂಡಿತರು ಕೊರಗುತ್ತಾರೆ. ಯಾವ ದೇವರ ಹೆಸರಿನಲ್ಲಿ ತಲೆಮಾರುಗಳು ಹೊರಗೆ ನಿಂತವೋ ಆ ದೇವರನ್ನು ನೋಡಿ ಮೆಲ್ಲನೆ ನಗು ಎಂದು ಹೊರಗೆ ನಿಂತವನಿಗೆ ಹೇಳುವುದು, ಒಳಗೆ ಕುಳಿತವರಿಗೆ ಸುಲಭ.

ಸುತ್ತಗಳ ಕಾಲಕ್ಕೂ ಈ ಹೊರಗಿನವನ ಪರಿಚಯವಿಲ್ಲದೆ ಇರಲಿಲ್ಲ. ಥೇರಗಾಥೆಯಲ್ಲಿ ಸುನೀತನೆಂಬ ಭಿಕ್ಷು ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ಅವನದು ಕೀಳೆನಿಸಿದ ಕುಲ. ಬಾಡಿದ ಹೂವುಗಳನ್ನು ಬಳಿದು ಎಸೆಯುವುದು ಕಸುಬು. ಎಲ್ಲರ ತಾತ್ಸಾರಕ್ಕೆ ಗುರಿಯಾಗಿ, ಎಲ್ಲರಿಗೂ ತಲೆಬಾಗಿ ಬದುಕಿದವನು. ಒಂದು ದಿನ ಬುದ್ಧನು ಸಂಘದೊಡನೆ ಮಗಧದ ನಗರಕ್ಕೆ ಬರುವುದನ್ನು ಕಂಡು, ಹೆಗಲ ಮೇಲಿನ ಹೊರೆಯನ್ನು ಇಳಿಸಿ ಹತ್ತಿರ ಹೋಗುತ್ತಾನೆ. ಬುದ್ಧನು ಅವನಿಗಾಗಿ ನಿಲ್ಲುತ್ತಾನೆ. ಬಾ ಭಿಕ್ಷು ಎಂದು ಕರೆಯುತ್ತಾನೆ. ಆಮೇಲೆ ಸುನೀತ ಕಾಡಿನಲ್ಲಿ ಒಬ್ಬನೇ ಸಾಧನೆ ಮಾಡುತ್ತಾನೆ. ಒಂದು ಇರುಳಿನ ಕೊನೆಯ ಜಾವದಲ್ಲಿ ಅವನ ಕತ್ತಲೆ ಹರಿಯುತ್ತದೆ. ಹೊತ್ತು ಮೂಡುವ ವೇಳೆಗೆ ಇಂದ್ರನೂ ಬ್ರಹ್ಮನೂ ಬಂದು ಅವನಿಗೆ ಕೈಮುಗಿದು ನಿಲ್ಲುತ್ತಾರೆ. ದೇವತೆಗಳ ಗುಂಪಿನ ನಡುವೆ ಅವನನ್ನು ಕಂಡು ಬುದ್ಧನು ಮುಗುಳ್ನಕ್ಕನೆಂದು ಗಾಥೆ ಹೇಳುತ್ತದೆ.