ದೇಶ ಸುತ್ತಿದವರ ಕೋಶ ಎಲ್ಲಿ?

ಕಾರಟಗಿ ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಮುಂಜಾನೆ ಕೂತರೆ ಮೊದಲೆಲ್ಲ ಮೂರೇ ಮಾತು ಕಿವಿಗೆ ಬೀಳುತ್ತಿದ್ದವು: ಭತ್ತದ ದರ, ಕಾಲುವೆ ನೀರು, ಯಾರ ಮನೆಯಲ್ಲಿ ಮದುವೆ. ಈಗ ನಾಲ್ಕನೆಯದೊಂದು ಸೇರಿಕೊಂಡಿದೆ. ಕಾಲೇಜಿಗೆ ಹೊರಟ ಹುಡುಗರು ಮೊಬೈಲಿನಲ್ಲಿ ಕಂಡದ್ದನ್ನು ಒಬ್ಬರಿಗೊಬ್ಬರು ಒಪ್ಪಿಸುತ್ತಾರೆ. "ಸೌದಿಯೊಳಗ ಒಂದೂ ನದಿ ಇಲ್ಲಂತ ಗೊತ್ತೇನಲೇ?" "ರಷ್ಯಾದಾಗ ಹನ್ನೊಂದು ಟೈಮ್ ಅದಾವಂತ. ಒಂದು ಕಡೆ ಊಟಕ್ಕ ಕುಂತ್ರ ಇನ್ನೊಂದು ಕಡೆ ಮಕ್ಕೊಂಡಿರ್ತಾರ." ಮೊನ್ನೆ ಪಕ್ಕದ ಬೆಂಚಿನ ಹಿರಿಯರೊಬ್ಬರು ತಡೆಯಲಾರದೆ ಅಂದೇಬಿಟ್ಟರು: "ದೇಶ ಸುತ್ತಬೇಕು, ಇಲ್ಲಾ ಕೋಶ ಓದಬೇಕು. ಮೊಬೈಲ್ ಉಜ್ಜಿದ್ರ ಏನ್ ಬರ್ತೈತಪಾ?"

ಹುಡುಗರು ಸುಮ್ಮನಾದರು. ನನಗೆ ಸುಮ್ಮನಿರಲು ಆಗಲಿಲ್ಲ. ಅಂದಿನಿಂದ ಈ ಗಾದೆ ಬೆನ್ನು ಹತ್ತಿದೆ.

ಮೊದಲನೆಯದಾಗಿ ಆ "ಇಲ್ಲಾ". ನಮ್ಮ ಅಜ್ಜಿಯ ಬಾಯಲ್ಲಿ ನಾನು ಕೇಳಿದ ಗಾದೆ "ದೇಶ ಸುತ್ತು, ಕೋಶ ಓದು". ಎರಡೂ ಅಪ್ಪಣೆಗಳೇ. ಇದನ್ನು ಮಾಡು, ಅದನ್ನೂ ಮಾಡು. ನಡುವೆ "ಇಲ್ಲಾ" ತಂದಿಟ್ಟ ಕೂಡಲೇ ಗಾದೆಗೆ ಬೇರೆಯೇ ಬುದ್ಧಿ ಬರುತ್ತದೆ: ಹಣವಿದ್ದವನು ಸುತ್ತಲಿ, ಇಲ್ಲದವನು ಮನೆಯಲ್ಲಿ ಕೂತು ಓದಲಿ ಎಂಬ ಸಮಾಧಾನದ ಬುದ್ಧಿ. ಎಷ್ಟೋ ಶಾಲಾ ಭಾಷಣಗಳು ಈ ಅರ್ಥವನ್ನೇ ಹೊತ್ತು ಸಾಗಿವೆ. ನಾನು ಒಪ್ಪುವುದಿಲ್ಲ. ಬಡವರು ಸುತ್ತುವುದಿಲ್ಲ ಎಂದು ಯಾರು ಹೇಳಿದರು? ಕೊಪ್ಪಳ ಜಿಲ್ಲೆಯಲ್ಲಿ ಹುಟ್ಟಿದವರು ಹೇಳುವ ಮಾತೇ ಅಲ್ಲ ಅದು. ಇನ್ನು ಕೆಲವರು ಕೋಶವೆಂದರೆ ಬೊಕ್ಕಸ, ದುಡ್ಡಿದ್ದರೇ ಪ್ರವಾಸ ಎಂದು ಜಾಣ ಅರ್ಥ ತೆಗೆಯುತ್ತಾರೆ. ಬೊಕ್ಕಸವನ್ನು ಎಣಿಸುತ್ತಾರೆ, ತುಂಬುತ್ತಾರೆ, ಬರಿದು ಮಾಡುತ್ತಾರೆ. ಓದುವುದಿಲ್ಲ. ಆ ಅರ್ಥವನ್ನು ಅಲ್ಲಿಗೇ ಬಿಡೋಣ.

"ದೇಶ" ಎಂಬ ಮಾತನ್ನು ಮಾತ್ರ ಬಿಡಲಾಗದು. ಪಾಸ್‌ಪೋರ್ಟ್ ಹಿಡಿದು, ವಿಮಾನ ಹತ್ತಿ ಹೋಗುವುದು ದೇಶ ಎಂಬುದು ಇತ್ತೀಚಿನ ತಿಳಿವಳಿಕೆ. ದೇಸಾಯಿ, ದೇಶಪಾಂಡೆ, ದೇಶಮುಖ ಎಂಬ ಮನೆತನದ ಹೆಸರುಗಳು ನಮ್ಮ ಸೀಮೆಯಲ್ಲಿ ಎಷ್ಟಿಲ್ಲ? ಅವರು ನೋಡಿಕೊಳ್ಳುತ್ತಿದ್ದ "ದೇಶ" ಹತ್ತಾರು ಹಳ್ಳಿಗಳದು. ಎತ್ತಿನ ಬಂಡಿಯಲ್ಲಿ ಕೆಲವು ದಿನಗಳಲ್ಲಿ ಸುತ್ತಿ ಬರಬಹುದಾದ ನೆಲ. ಗಾದೆ ಹುಟ್ಟಿದ ಕಾಲದವನಿಗೆ ದೇಶ ಸುತ್ತುವುದೆಂದರೆ ತನ್ನ ಹೊಳೆಯ ಆಚೆ ದಂಡೆಯಲ್ಲಿ ಜನ ಹೇಗಿದ್ದಾರೆ ಎಂದು ಕಂಡು ಬರುವುದೂ ಆಗಿತ್ತು.

ಮತ್ತು ಆಚೆ ದಂಡೆ ನಿಜಕ್ಕೂ ಬೇರೆ ದೇಶವೇ ಆಗಿದ್ದ ಕಾಲವೊಂದಿತ್ತು. ಕಾರಟಗಿ ನಿಜಾಮರ ಹೈದರಾಬಾದಿನಲ್ಲಿತ್ತು. ತುಂಗಭದ್ರೆ ದಾಟಿದರೆ ಸಿರುಗುಪ್ಪ, ಅದು ಮದ್ರಾಸ್ ಪ್ರಾಂತ್ಯ. ಈಚೆ ನಿಜಾಮರ ನಾಣ್ಯ ಹಾಲಿ ಸಿಕ್ಕಾ, ಆಚೆ ಬ್ರಿಟಿಷರ ಕಲ್ದಾರ್. ಆರು ಕಲ್ದಾರ್ ರೂಪಾಯಿಗೆ ಏಳು ಹಾಲಿ ರೂಪಾಯಿ. ನಡುವೆ ಸುಂಕ ವಸೂಲಿಯ ಕರೋಡಗಿರಿ ನಾಕಾ. 1947ರ ಆಗಸ್ಟ್ 15ರಂದು ಆಚೆ ದಂಡೆಗೆ ಸ್ವಾತಂತ್ರ್ಯ ಬಂತು, ಈಚೆ ದಂಡೆಗೆ ಬರಲಿಲ್ಲ. ನಮಗದು ತಲುಪಿದ್ದು 1948ರ ಸೆಪ್ಟೆಂಬರ್ 17ಕ್ಕೆ. ಆ ಹದಿಮೂರು ತಿಂಗಳು ಇಲ್ಲಿಂದ ಹೊಳೆ ದಾಟಿದವನು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗುತ್ತಿದ್ದ. ಅಳವಂಡಿ ಶಿವಮೂರ್ತಿ ಸ್ವಾಮಿಯವರ ಮುಂದಾಳತ್ವದ ಹೋರಾಟದ ಶಿಬಿರ ಗಡಿಯಾಚೆ ಮುಂಡರಗಿಯಲ್ಲಿ ನೆಲೆಯೂರಿದ್ದೂ ಇದೇ ಕಾರಣಕ್ಕೆ. ಮುಂಡರಗಿ ಆಗ ಮುಂಬಯಿ ಪ್ರಾಂತ್ಯ. ಅಲ್ಲಿ ನಿಜಾಮರ ಪೊಲೀಸರ ಕೈ ಚಾಚುತ್ತಿರಲಿಲ್ಲ.

ಆಮೇಲೂ ಗಡಿಗಳು ಸುಮ್ಮನೆ ಕೂಡಲಿಲ್ಲ. ಬಳ್ಳಾರಿ 1953ರ ಅಕ್ಟೋಬರ್ 1ಕ್ಕೆ ಮೈಸೂರಿಗೆ ಸೇರಿತು. ನಾವು ಸೇರಿದ್ದು 1956ರ ನವೆಂಬರ್ 1ಕ್ಕೆ. 1973ರಲ್ಲಿ ರಾಜ್ಯದ ಹೆಸರು ಬದಲಾಯಿತು. 1997ರಲ್ಲಿ ರಾಯಚೂರು ಜಿಲ್ಲೆ ಒಡೆದು ಕೊಪ್ಪಳವಾಯಿತು. ಈಚೆಗೆ ಗಂಗಾವತಿ ತಾಲೂಕಿನಿಂದ ಕಾರಟಗಿಯೇ ಬೇರೆ ತಾಲೂಕಾಯಿತು. ಒಂದೇ ಮನೆಯ ಒಂದೇ ಕಟ್ಟೆಯ ಮೇಲೆ ಕೂತ ಮುದುಕಿ ಇಷ್ಟೂ ಆಡಳಿತಗಳಲ್ಲಿ ಬಾಳಿದ್ದಾಳೆ. ಅವಳು ದೇಶ ಸುತ್ತಲಿಲ್ಲ, ದೇಶಗಳೇ ಅವಳನ್ನು ಸುತ್ತಿ ಹೋದವು.

ಇದನ್ನು ತಿಳಿದವನಿಗೆ ಹುಡುಗರ ಮೊಬೈಲಿನ ಒಂದು ಸೋಜಿಗ ಬೇರೆಯದೇ ರೀತಿಯಲ್ಲಿ ತಾಕುತ್ತದೆ. ಕೂಚ್‌ಬಿಹಾರದ ಗಡಿಯಲ್ಲಿ ಬಾಂಗ್ಲಾದೇಶದ ಒಳಗೆ ಭಾರತದ 111 ತುಂಡು ನೆಲಗಳಿದ್ದವು, ಭಾರತದೊಳಗೆ ಅವರ 51. ದಹಾಲಾ ಖಾಗ್ರಾಬಾರಿ ಎಂಬಲ್ಲಂತೂ ಬಾಂಗ್ಲಾದ ಒಳಗೆ ಭಾರತ, ಆ ಭಾರತದ ಒಳಗೆ ಬಾಂಗ್ಲಾ, ಅದರ ಒಳಗೆ ಮತ್ತೆ ಭಾರತಕ್ಕೆ ಸೇರಿದ ಒಂದು ಹೊಲ. 2015ರ ಜುಲೈ 31ರ ನಡುರಾತ್ರಿ ಎರಡೂ ದೇಶಗಳು ಇವನ್ನು ಅದಲುಬದಲು ಮಾಡಿಕೊಂಡವು. ವಿಡಿಯೋದಲ್ಲಿ ಇದು ಅರ್ಧ ನಿಮಿಷದ ಬೆರಗು. ಆದರೆ ಅಲ್ಲಿನವರಿಗೆ ಎರಡೂ ಕಡೆಯ ಸರಕಾರ ಕೈಗೆಟುಕದೆ, ಶಾಲೆಯಿಲ್ಲದೆ, ಆಸ್ಪತ್ರೆಗೆ ಗಡಿ ದಾಟಲಾರದೆ ಕಳೆದ ಅರವತ್ತೆಂಟು ವರ್ಷಗಳವು. ಹದಿಮೂರು ತಿಂಗಳು ಹೊಳೆಯಾಚೆಯ ಬಾವುಟವನ್ನು ನೋಡುತ್ತ ಕೂತ ಸೀಮೆಯವರು ನಾವು. ನಮಗಲ್ಲದೆ ಇನ್ನಾರಿಗೆ ಅದು ಅರ್ಥವಾಗಬೇಕು?

ಗಡಿಯ ಇನ್ನೊಂದು ಸೋಜಿಗ: ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಬಿದಸೋವಾ ಹೊಳೆಯಲ್ಲೊಂದು ನಡುಗಡ್ಡೆಯಿದೆ. 1659ರ ಒಪ್ಪಂದದ ಬೆನ್ನಿಗೆ ಎರಡೂ ದೇಶಗಳ ಪಾಲಾದ ಅದು ಈಗ ಆರು ತಿಂಗಳು ಅವರದು, ಆರು ತಿಂಗಳು ಇವರದು. ಹೊಳೆಯ ನಡುವಿನ ಗಡ್ಡೆಗಳನ್ನು ಕಂಡು ಬೆಳೆದ ನಮಗೆ ಇದೂ ದೂರದ ಮಾತಲ್ಲ.

ಈಗ ಕೋಶ. ನನ್ನ ವಾದವೆಲ್ಲ ಇಲ್ಲಿದೆ. "ಓದು" ಎಂದ ಗಾದೆ ಒಂದು ಮಾತನ್ನು ಹೇಳದೆ ಒಳಗಿಟ್ಟುಕೊಂಡಿದೆ: ಓದುವುದಕ್ಕೆ ಯಾರಾದರೂ ಮೊದಲು ಬರೆದಿರಬೇಕು. ಕೋಶವೆಂಬುದು ಮುಗಿಲಿನಿಂದ ಉದುರಿದ್ದಲ್ಲ. ಸುತ್ತಿದವನೊಬ್ಬ ಬೆರಗಾಗಿ, ಬೆರಗನ್ನು ಬರೆದಿಟ್ಟಾಗ ಹುಟ್ಟಿದ್ದು.

ಅಶೋಕನನ್ನು ನೋಡಿ. ಕೊಪ್ಪಳದ ಗವಿಮಠದ ಬೆಟ್ಟದಲ್ಲಿ, ಪಾಲ್ಕಿಗುಂಡಿನಲ್ಲಿ, ಸಿಂಧನೂರು ದಾಟಿದರೆ ಮಸ್ಕಿಯಲ್ಲಿ ಅವನ ಬರಹಗಳಿವೆ. ಅವನ ಹೆಸರನ್ನೇ ಹೇಳುವ ಮಸ್ಕಿಯ ಶಾಸನ 1915ರಲ್ಲಿ ಸಿಕ್ಕಿತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲಿ 256 ಎಂಬ ಅಂಕಿಯಿದೆ. ಪ್ರವಾಸದಲ್ಲಿ, ಮನೆಯಿಂದ ಹೊರಗೆ ಕಳೆದ ರಾತ್ರಿಗಳ ಲೆಕ್ಕ ಅದು ಎಂಬುದು ಅನೇಕ ವಿದ್ವಾಂಸರ ಓದು. ಬೇರೆ ಅರ್ಥ ಹೇಳುವವರೂ ಇದ್ದಾರೆ, ನನಗೆ ಇದೇ ಒಪ್ಪಿಗೆ. ನಾಡು ಸುತ್ತಿದ ಅರಸ ಎಷ್ಟು ರಾತ್ರಿ ಸುತ್ತಿದೆ ಎಂಬುದನ್ನು ಬಂಡೆಗೆ ಒಪ್ಪಿಸಿದ್ದಾನೆ.

ಇನ್ನು ನಮ್ಮ ಆನೆಗೊಂದಿಯ ಎದುರಿನ ವಿಜಯನಗರ. 1520ರ ಸುಮಾರಿಗೆ ಅಲ್ಲಿಗೆ ಬಂದ ಪೋರ್ಚುಗೀಸ್ ದೊಮಿಂಗೊ ಪಾಯಸ್, ಈ ಪಟ್ಟಣ ರೋಮಿನಷ್ಟು ದೊಡ್ಡದಾಗಿ ಕಂಡಿತೆಂದು ಬರೆದ. ಅವನ ಬರಹದ ಪ್ರತಿ ಪ್ಯಾರಿಸ್ಸಿನಲ್ಲಿ ಶತಮಾನಗಟ್ಟಲೆ ಬಿದ್ದಿತ್ತು. 1897ರಲ್ಲಿ ದಾವಿದ್ ಲೋಪೆಸ್ ಅದನ್ನು ಅಚ್ಚು ಹಾಕಿಸಿದ. ರಾಬರ್ಟ್ ಸೂವೆಲ್ ಇಂಗ್ಲಿಷಿಗೆ ತಂದು 1900ರಲ್ಲಿ ಪುಸ್ತಕ ಮಾಡಿದ. ಇವತ್ತು ಹಂಪಿಯ ಬಜಾರಿನಲ್ಲಿ ಏನೇನು ಮಾರುತ್ತಿದ್ದರು ಎಂದು ಗೈಡು ಹೇಳುವುದರಲ್ಲಿ ಎಷ್ಟೋ ಪಾಲು ಆ ಬರಹದ್ದು. ಅದಕ್ಕೂ ಮೊದಲು 1443ರಲ್ಲಿ ಹೆರಾತಿನಿಂದ ಅಬ್ದುರ್ ರಝಾಕ್ ಬಂದಿದ್ದ, ಅವನೂ ಬರೆದ. ಅದೇ ಬೀದಿಯಲ್ಲಿ ಅದೇ ದಿನ ಕುದುರೆ ತೊಳೆಯುತ್ತಿದ್ದವನು, ಬುಟ್ಟಿ ಹೊತ್ತು ತುಂಗಭದ್ರೆ ದಾಟಿ ಬಂದಿದ್ದ ಹೆಣ್ಣುಮಗಳು ಏನು ಕಂಡರು? ಅವರ ಕೋಶ ಇಲ್ಲ.

ಅವರ ಕೋಶ ಈಗಲೂ ಇಲ್ಲ. ನನಗೆ ಹೊಟ್ಟೆಯುರಿ ಬರುವುದು ಇಲ್ಲಿ.

ಈ ಜಿಲ್ಲೆಯಲ್ಲಿ ನಿಜವಾಗಿ ದೇಶ ಸುತ್ತಿದವರು ಗುಳೆ ಹೋದವರು. ಕುಷ್ಟಗಿ, ಯಲಬುರ್ಗಾ ಕಡೆಯ ಒಣಬೇಸಾಯದ ಹಳ್ಳಿಗಳಿಂದ ಬೆಂಗಳೂರು, ಮಂಗಳೂರು, ಗೋವಾ, ಪುಣೆ, ಮುಂಬಯಿ ಎಂದು ಹೋದವರು. ಒಮ್ಮೆ ಕುಷ್ಟಗಿಯಿಂದ ಬರುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಕೂತಿದ್ದ ಗಾರೆ ಕೆಲಸದ ತಾಯಿ ಹೇಳಿದ ಮಾತು ಮರೆತಿಲ್ಲ. "ಮಂಗ್ಳೂರಾಗ ಮಳಿ ಹಿಡೀತಂದ್ರ ವಾರಗಟ್ಲೆ ಬಿಡಂಗಿಲ್ರಿ. ಸೆಂಟ್ರಿಂಗ್ ಬಿಚ್ಚಾಕ ಬರಂಗಿಲ್ಲ. ನಮ್ಮೂರಾಗ ಅದೇ ಮೋಡ ಬರ್ತಾವ, ಖಾಲಿ ಕೊಡ ತಂದು ತೋರ್ಸಿ ಹೋಗ್ತಾವ." ಕರಾವಳಿಗೆ ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಸುರಿಯುವ ಮಳೆ ಘಟ್ಟ ಹತ್ತಿ ಇಳಿಯುವಷ್ಟರಲ್ಲಿ ಬರಿದಾಗಿ, ಕೊಪ್ಪಳ ಜಿಲ್ಲೆಗೆ 600ರ ಆಸುಪಾಸು ಉಳಿಯುತ್ತದೆ. ಭೂಗೋಳದ ಪುಸ್ತಕ ಒಂದು ಪಾಠವಿಡೀ ಹೇಳುವ ಮಳೆನೆರಳನ್ನು ಆಕೆ ಖಾಲಿ ಕೊಡದಲ್ಲಿ ಹೇಳಿ ಮುಗಿಸಿದಳು. ಆಕೆಗೆ ತುಳು ಅರ್ಥವಾಗುತ್ತದೆ, ಮರಾಠಿಯಲ್ಲಿ ಕೂಲಿ ಚೌಕಾಸಿ ಮಾಡಬಲ್ಲಳು, ಸಮುದ್ರ ದಿನಕ್ಕೆರಡು ಸಲ ಏರಿ ಇಳಿಯುವುದನ್ನು ಕಣ್ಣಾರೆ ಕಂಡಿದ್ದಾಳೆ. ಯುರೋಪಿಗೆ ಹದಿನೈದು ದಿನ ಹೋಗಿ ಬಂದವರ ಪ್ರವಾಸ ಕಥನಗಳು ಕನ್ನಡದಲ್ಲಿ ಕಪಾಟು ತುಂಬ ಇವೆ. ಅವುಗಳನ್ನು ಪ್ರೀತಿಯಿಂದ ಓದಿದವನೇ ನಾನು. ಇಪ್ಪತ್ತು ವರ್ಷ ಗುಳೆ ಹೋದವರ ಒಂದು ಪ್ರವಾಸ ಕಥನ ಆ ಕಪಾಟಿನಲ್ಲಿ ಏಕಿಲ್ಲ?

ಹಕ್ಕಿಪಿಕ್ಕಿ ಜನರನ್ನು ನೆನೆಯಿರಿ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕಾಳಗ ಹೊತ್ತಿಕೊಂಡಾಗ ಕರ್ನಾಟಕದ 30ಕ್ಕೂ ಹೆಚ್ಚು ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಕೊಂಡಿದ್ದಾರೆಂಬ ಸುದ್ದಿ ಬಂತು. ಗಿಡಮೂಲಿಕೆಯ ಎಣ್ಣೆ, ಔಷಧಿ ಮಾರುತ್ತ ಆಫ್ರಿಕದ ಎಷ್ಟೋ ದೇಶ ಸುತ್ತುವ ಜನ ಅವರು. 'ಆಪರೇಷನ್ ಕಾವೇರಿ'ಯಲ್ಲಿ ಸರಕಾರ ಭಾರತೀಯರನ್ನು ಕರೆತಂದಿತು, ಸುದ್ದಿ ಮುಗಿಯಿತು. ಖಾರ್ಟೂಮಿನ ಸಂತೆ ಹೇಗಿರುತ್ತದೆ, ಯಾವ ನಾಣ್ಯಕ್ಕೆ ಯಾವ ಬೆಲೆ, ಗಡಿಯಲ್ಲಿ ಯಾವ ಮಾತು ಆಡಬೇಕು ಎಂದು ಬಲ್ಲ ಕನ್ನಡ ನಾಡಿನವರು ಅವರಷ್ಟು ಯಾರಿದ್ದಾರೆ? ಯಾರಾದರೂ ಅವರೆದುರು ಕೂತು ಬರೆದುಕೊಂಡರೆ?

ಇಲ್ಲಿಗೆ ಬಂದವರೂ ಇದ್ದಾರಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ನೀರು ಬಿಟ್ಟ ಮೇಲೆ ಕೃಷ್ಣಾ, ಗೋದಾವರಿ ಮುಖಜಭೂಮಿಯಿಂದ ಬಂದು ಎರೆ ಭೂಮಿಯನ್ನು ಗದ್ದೆ ಮಾಡಿದವರು. ಅವರ ಊರುಗಳಿಗೆ ಇವತ್ತಿಗೂ "ಕ್ಯಾಂಪ್" ಎಂದೇ ಹೆಸರು, ನಾಳೆ ಗುಡಾರ ಕಿತ್ತು ಹೊರಡುವವರ ಹಾಗೆ. ಸಿಂಧನೂರಿನ ಹತ್ತಿರದ ಆರ್.ಎಚ್. ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿಗಳ ಮೂರನೆಯ ತಲೆಮಾರು ಕನ್ನಡ ಶಾಲೆಗೆ ಹೋಗುತ್ತಿದೆ. ಪದ್ಮಾ ನದಿಯ ಕಡೆಯಿಂದ ತುಂಗಭದ್ರೆಯ ಕಾಲುವೆಗೆ ಬಂದ ಆ ಅಜ್ಜಂದಿರು ಒಬ್ಬೊಬ್ಬರೇ ತೀರಿಹೋಗುತ್ತಿದ್ದಾರೆ.

ಹಾಗಾಗಿ ಚಹಾದಂಗಡಿಯ ಹಿರಿಯರಿಗೆ ನಾನು ಹೇಳಿದ್ದು ಇಷ್ಟು: "ಯಜಮಾನ್ರೆ, ಹುಡುಗ್ರನ್ನ ಬೈಬ್ಯಾಡ್ರಿ. ಬೆರಗಾಗೋದು ತಪ್ಪಲ್ಲ." ಬೆರಗಾಗದವನು ದೇಶ ಸುತ್ತಿಯೂ ಏನೂ ಕಾಣುವುದಿಲ್ಲ. ನನ್ನ ತಕರಾರು ಬೆರಗಿನ ಮೇಲಲ್ಲ, ಅದರ "ಯಾಕೆ" ಎಂಬ ಬಾಲ ಕತ್ತರಿಸಿ ಕೊಡುವವರ ಮೇಲೆ. ಸೌದಿಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ನಿಜ. ಮಳೆ ಬಿದ್ದಾಗ ಮಾತ್ರ ಹರಿಯುವ ವಾದಿಗಳಿವೆ. ಯಲಬುರ್ಗಾ ಸೀಮೆಯ ಹಳ್ಳಗಳನ್ನು ಕಂಡ ಹುಡುಗನಿಗೆ ಇದನ್ನು ಹೇಳಿದರೆ ಸೌದಿ ಅವನ ಹಿತ್ತಲಿಗೆ ಬರುತ್ತದೆ.

ಅಂದು ಆ ಹುಡುಗರಿಗೆ ಅರಲ್ ಸಮುದ್ರದ ಕಥೆ ಹೇಳಿದೆ. ಜಗತ್ತಿನ ನಾಲ್ಕನೆಯ ದೊಡ್ಡ ಸರೋವರವಾಗಿತ್ತು ಅದು, ಸುಮಾರು 68,000 ಚದರ ಕಿಲೋಮೀಟರ್. ಅದನ್ನು ತುಂಬುತ್ತಿದ್ದವು ಅಮು ದರ್ಯಾ, ಸಿರ್ ದರ್ಯಾ ಎಂಬ ಎರಡು ನದಿಗಳು. 1960ರ ದಶಕದಿಂದ ಸೋವಿಯತ್ ಸರಕಾರ ಹತ್ತಿಗಾಗಿ ಆ ನದಿಗಳನ್ನು ಕಾಲುವೆಗಳಿಗೆ ತಿರುಗಿಸುತ್ತ ಹೋಯಿತು. ನೀರು ಹಿಂದೆ ಸರಿಯಿತು, ಉಪ್ಪಿನ ದೂಳು ಎದ್ದಿತು. ಉಜ್ಬೇಕಿಸ್ತಾನದ ಮೊಯ್ನಾಕ್ ಎಂಬ ಮೀನುಗಾರರ ಪಟ್ಟಣದಲ್ಲಿ ಹಡಗುಗಳು ಈಗ ಮರಳಿನ ಮೇಲೆ ನಿಂತಿವೆ.

ಒಬ್ಬ ಹುಡುಗ ಮೊಬೈಲ್ ಕೆಳಗಿಟ್ಟ. "ಒಂದು ಕಾಲುವಿ ಸಮುದ್ರನ ಕುಡೀತಂದ್ರ, ನಮ್ಮ ಕಾಲುವಿ ಎಲ್ಲಿ ಹೋಗಿ ಮುಗೀತೈತ್ರಿ ಸರ್?"

ನಮ್ಮ ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ. ಅದನ್ನು ತೋಡಿದ್ದು ಮುಖ್ಯವಾಗಿ ಭತ್ತಕ್ಕೆಂದಲ್ಲ. ಜೋಳ, ಹತ್ತಿ, ಶೇಂಗಾದಂಥ ಬೆಳೆಗಳಿಗೆ, ತೆಳುವಾಗಿ ನೀರು ಹರಡಿ ಹೆಚ್ಚು ಹೊಲಗಳನ್ನು ಬರದಿಂದ ಕಾಯಲೆಂದು. ಮೇಲ್ಭಾಗದ ನಾವು ಭತ್ತ ಬೆಳೆದೆವು, ಸೋನಾ ಮಸೂರಿಗೆ ಹೆಸರಾದೆವು, ಅಲ್ಲಲ್ಲಿ ಹೊಲ ಸವಳಾದದ್ದನ್ನೂ ಕಂಡೆವು. ಅಣೆಕಟ್ಟು ಕಟ್ಟಿದಾಗ 130 ಟಿಎಂಸಿ ಮೀರಿ ಹಿಡಿಯುತ್ತಿದ್ದ ನೀರು ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಮಾನ್ವಿ, ಸಿರವಾರ, ರಾಯಚೂರಿನ ಕೊನೆ ಭಾಗದ ರೈತರು ನೀರಿಗಾಗಿ ರಸ್ತೆಗೆ ಇಳಿಯದ ವರ್ಷ ಅಪರೂಪ. ಅವರ ಪಾಲು ನಮ್ಮ ಗದ್ದೆಗಳಲ್ಲಿ ನಿಂತಿದೆ ಎಂಬುದನ್ನು ಕಾರಟಗಿಯಲ್ಲಿ ಕೂತು ಹೇಳುವುದು ಸುಲಭವಲ್ಲ, ಆದರೂ ಹೇಳಿದೆ. ಹಿರಿಯರು ಮುಖ ತಿರುಗಿಸಿದರು. ಹುಡುಗ ಮಾತ್ರ ಕೇಳುತ್ತಲೇ ಇದ್ದ.

ಬರುವ ರವಿವಾರ ನಾಲ್ಕು ಹುಡುಗರ ಜೊತೆ ಸಿಂಧನೂರು ಬಸ್ಸು ಹತ್ತುವುದೆಂದು ಗೊತ್ತಾಗಿದೆ. ಅಲ್ಲಿಂದ ಮಾನ್ವಿ, ಆಮೇಲೆ ಕಾಲುವೆ ಹೋದ ಕಡೆಗೆ. ಸಾಧ್ಯವಾದರೆ ಗಣೇಕಲ್ ಜಲಾಶಯದ ತನಕ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ, ಒಂದೊಂದು ನೋಟ್‌ಬುಕ್ಕನ್ನೂ ತನ್ನಿರಿ ಎಂದಿದ್ದೇನೆ.

"ಏನ್ ಬರೀಬೇಕ್ರಿ ಸರ್?" ಎಂದು ಕೇಳಿದ ಅದೇ ಹುಡುಗ.

"ನೀರು ಎಲ್ಲೆಲ್ಲಿ ಸಣ್ಣದಾಯ್ತು ಅಂತ ಬರಿ. ಅಲ್ಲಿದ್ದವರು ಏನಂದ್ರು ಅಂತ ಬರಿ. ಅವರ ಮಾತಿನಾಗ ಬರಿ."